ಈಟಿವಿ ಹೋಗಿ ಕಲರ್ಸ್ ಬಂತು

ಎಷ್ಟೋ ಮನೆಗಳಲ್ಲಿ ಹಿರಿಯರು ಇವತ್ತಿಗೂ ‘ಈಟಿವಿ ಹಾಕು’ ಎನ್ನುತ್ತಾರೆ. ರಿಮೋಟ್ ಹಿಡಿದ ಮೊಮ್ಮಗಳು ಮರುಮಾತಿಲ್ಲದೆ ಕಲರ್ಸ್ ಕನ್ನಡ ಹಾಕುತ್ತಾಳೆ. ಹಳೆಯ ಹೆಸರು ಪರದೆಯಿಂದ ಹೋಗಿ ಹತ್ತು ವರ್ಷದ ಮೇಲಾಯಿತು, ನಾಲಿಗೆಯಿಂದ ಮಾತ್ರ ಹೋಗಿಲ್ಲ.

ಈಟಿವಿ ಕನ್ನಡ ಶುರುವಾದದ್ದು 2000ದ ಡಿಸೆಂಬರ್ 10ರಂದು. ಅಷ್ಟು ಹೊತ್ತಿಗೆ ಕನ್ನಡಿಗರಿಗೆ ದೂರದರ್ಶನ ಹಳೆಯದಾಗಿತ್ತು, 1994ರಲ್ಲಿ ಬಂದ ಉದಯ ಟಿವಿ ಮನೆಮಾತಾಗಿತ್ತು. ಹೊಸ ಚಾನೆಲ್ಲಿನ ಒಡೆಯರು ಹೈದರಾಬಾದಿನ ರಾಮೋಜಿ ರಾವ್. ಮಾರ್ಗದರ್ಶಿ ಚಿಟ್ ಫಂಡ್, 1974ರಲ್ಲಿ ವಿಶಾಖಪಟ್ಟಣದಿಂದ ಹೊರಟ ‘ಈನಾಡು’ ದಿನಪತ್ರಿಕೆ, ಪ್ರಿಯಾ ಉಪ್ಪಿನಕಾಯಿ, ಆಮೇಲೆ ಫಿಲ್ಮ್ ಸಿಟಿ, ಹೀಗೆ ಒಂದೊಂದಾಗಿ ಕಟ್ಟುತ್ತ ಬಂದವರು ಅವರು. 1995ರಲ್ಲಿ ಶುರುವಾದ ತೆಲುಗಿನ ಈಟಿವಿ ಗೆದ್ದ ಮೇಲೆ ಬೇರೆ ಭಾಷೆಗಳತ್ತ ಕೈಚಾಚಿದರು. ಈಟಿವಿಯ ‘ಈ’ ಅಕ್ಷರವೇ ಈನಾಡಿನದು.

ಕನ್ನಡ ವಾರ್ತೆಯನ್ನು ಓದುತ್ತಿದ್ದುದು ಫಿಲ್ಮ್ ಸಿಟಿಯ ಸ್ಟುಡಿಯೊದಲ್ಲಿ. ಕರ್ನಾಟಕದ ಜಿಲ್ಲೆಗಳಿಂದ ಸುದ್ದಿ, ದೃಶ್ಯ ಎಲ್ಲವೂ ಹೈದರಾಬಾದ್ ಸೇರಿ, ಅಲ್ಲಿಂದ ಉಪಗ್ರಹದ ದಾರಿಯಲ್ಲಿ ಮತ್ತೆ ನಮ್ಮ ಮನೆಗೆ ಬರುತ್ತಿತ್ತು. ಕನ್ನಡ ಪತ್ರಕರ್ತರ ಒಂದು ತಲೆಮಾರು ಟಿವಿ ಕೆಲಸ ಕಲಿತದ್ದು ಹೀಗೆ, ತೆಲುಗು ನಾಡಿನಲ್ಲಿ ಕೂತು. ಇದನ್ನು ಕೊರತೆಯೆಂದು ಕಾಣುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬೆಂಗಳೂರಿನಾಚೆ ಜಿಲ್ಲೆಗಳಿವೆ, ತಾಲ್ಲೂಕುಗಳಿವೆ ಎಂಬ ಎಚ್ಚರ ಆ ವಾರ್ತೆಗಳಲ್ಲಿತ್ತು. ಜಿಲ್ಲಾ ಪುಟಗಳಿಂದಲೇ ಬೆಳೆದ ಪತ್ರಿಕೆಯ ಮನೆತನ ಅದು, ಆ ಗುಣ ಟಿವಿಗೂ ಬಂದಿತ್ತು.

ಆದರೆ ಚಾನೆಲ್ ನೆನಪಿನಲ್ಲಿ ಉಳಿದದ್ದು ಧಾರಾವಾಹಿಗಳಿಂದ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ ಕಾಸರವಳ್ಳಿ ಇಲ್ಲಿಗಾಗಿ ಧಾರಾವಾಹಿ ಮಾಡಿದರು. ಪ್ಲೇಗು, ಬರ, ಬಡತನ, ಬಾಯಿ ಬಿಟ್ಟರೆ ಬೈಗುಳವೇ ಬರುವ ಅತ್ತೆ ಗಂಗಮ್ಮ, ಎಲ್ಲವನ್ನೂ ನುಂಗಿಕೊಂಡು ಸಂಸಾರದ ಭಾರ ಹೊರುವ ನಂಜಮ್ಮ. ಮಾಳವಿಕಾ ಅವಿನಾಶ್ ನಂಜಮ್ಮನಾಗಿದ್ದರು. ಮಿರುಗುವ ಸೀರೆಯಿಲ್ಲ, ಎದೆ ನಡುಗಿಸುವ ಹಿನ್ನೆಲೆ ಸದ್ದಿಲ್ಲ. ಅಂಥದ್ದನ್ನು ಖಾಸಗಿ ಚಾನೆಲ್ಲೊಂದು ಕನ್ನಡದ ಮನೆಮನೆಗೆ ತಲುಪಿಸಿತ್ತು ಎಂಬುದನ್ನು ಈಗಿನ ಹುಡುಗರಿಗೆ ಹೇಳಿದರೆ ನಂಬುವುದು ಕಷ್ಟ.

ವೈಶಾಲಿ ಕಾಸರವಳ್ಳಿಯವರ ‘ಮೂಡಲ ಮನೆ’ ಉತ್ತರ ಕರ್ನಾಟಕದ ಮಾತನ್ನು ನಗಿಸುವುದಕ್ಕೆಂದು ಬಳಸದೆ, ಒಂದು ಮನೆತನದ ಸುಖದುಃಖದ ಮಾತಾಗಿ ಕೇಳಿಸಿತು. ಟಿ.ಎನ್. ಸೀತಾರಾಮ್ ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’ಗಳಲ್ಲಿ ರಾಜಕೀಯವನ್ನೂ ಕೋರ್ಟನ್ನೂ ನಡುಮನೆಗೆ ತಂದರು. ಅವರೇ ಕರಿ ಕೋಟು ತೊಟ್ಟು ಸಿಎಸ್‌ಪಿ ಎಂಬ ವಕೀಲನಾಗಿ ವಾದಕ್ಕೆ ನಿಂತರೆ ಅಡುಗೆಮನೆಯ ಕೆಲಸ ನಿಲ್ಲುತ್ತಿತ್ತು. ‘ಸಿಲ್ಲಿ ಲಲ್ಲಿ’, ‘ಪಾಪ ಪಾಂಡು’ ನಗಿಸಿದವು. ರವಿ ಬೆಳಗೆರೆ ‘ಎಂದೂ ಮರೆಯದ ಹಾಡು’ ಕಾರ್ಯಕ್ರಮ ನಡೆಸಿಕೊಡುತ್ತಿದ್ದರು. ‘ಎದೆ ತುಂಬಿ ಹಾಡುವೆನು’ ವೇದಿಕೆಯಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮಕ್ಕಳ ತಪ್ಪನ್ನು ನೋಯಿಸದೆ ತಿದ್ದುತ್ತಿದ್ದರು. ತೆಲುಗಿನ ‘ಪಾಡುತಾ ತೀಯಗಾ’ದ ತಮ್ಮ ಅದು, ಆದರೆ ಹೆಸರು, ಹಾಡು, ಮಾತು ಎಲ್ಲವೂ ನಮ್ಮವೇ.

ಇಷ್ಟೊಂದು ಕೆಲಸ ಕನ್ನಡದಲ್ಲೇ ನಡೆದದ್ದಕ್ಕೆ ಒಂದು ಕಾರಣವನ್ನೂ ಹೇಳಬೇಕು. ಆಗ ಕನ್ನಡದಲ್ಲಿ ಡಬ್ಬಿಂಗ್‌ಗೆ ದಾರಿ ಇರಲಿಲ್ಲ. ಹಿಂದಿಯ ಕಥೆ ಬೇಕೆಂದರೂ ಕನ್ನಡದ ನಟರನ್ನಿಟ್ಟು, ಕನ್ನಡದಲ್ಲೇ ಬರೆಸಿ, ಹೊಸದಾಗಿ ಚಿತ್ರಿಸಲೇಬೇಕಿತ್ತು. ಒಡೆಯ ಯಾರೇ ಆಗಿರಲಿ, ಬರೆಯುವವರು ಇಲ್ಲಿಯವರು.

2012ರ ಜನವರಿಯಲ್ಲಿ ದೊಡ್ಡ ವ್ಯವಹಾರ ಹೊರಬಿತ್ತು. ರಿಲಯನ್ಸ್‌ನ ಹಣದ ಬೆಂಬಲದಿಂದ ಟಿವಿ18 ಸಂಸ್ಥೆ ಈಟಿವಿಯ ಪ್ರಾದೇಶಿಕ ಚಾನೆಲ್‌ಗಳಲ್ಲಿ ಪಾಲು ಕೊಳ್ಳುವುದೆಂದು ಗೊತ್ತಾಯಿತು. ಸುದ್ದಿ ಚಾನೆಲ್‌ಗಳು ಪೂರ್ತಿ, ಕನ್ನಡವೂ ಸೇರಿ ಮನರಂಜನೆಯ ಚಾನೆಲ್‌ಗಳಲ್ಲಿ ಅರ್ಧ. ರಾಮೋಜಿ ರಾವ್ ಹೆಚ್ಚಿನ ಪಾಲನ್ನು ತಮ್ಮಲ್ಲೇ ಇಟ್ಟುಕೊಂಡದ್ದು ತೆಲುಗಿನಲ್ಲಿ ಮಾತ್ರ. ತಾಯಿನುಡಿಯ ಚಾನೆಲ್ ಮನೆಯಲ್ಲೇ ಉಳಿಯಿತು, ಕನ್ನಡ, ಮರಾಠಿ, ಬಾಂಗ್ಲಾ, ಗುಜರಾತಿ, ಒಡಿಯಾ ಬೇರೆ ಮನೆ ಸೇರಿದವು. ವ್ಯವಹಾರ ಮುಗಿದದ್ದು 2014ರ ಆರಂಭದಲ್ಲಿ. ಅದೇ ವರ್ಷ ಟಿವಿ18ರ ಮಾತೃಸಂಸ್ಥೆ ನೆಟ್‌ವರ್ಕ್18 ರಿಲಯನ್ಸ್ ಕೈಸೇರಿತು. 2015ರ ಏಪ್ರಿಲ್‌ನಲ್ಲಿ ಪರದೆಯ ಮೂಲೆಯ ಲೋಗೊ ಬದಲಾಯಿತು, ಈಟಿವಿ ಕನ್ನಡ ಕಲರ್ಸ್ ಕನ್ನಡ ಆಯಿತು.

ಸುದ್ದಿಗೇ ಬೇರೆ ಚಾನೆಲ್ ಆಯಿತು, ಅದೇ ಮುಂದೆ ನ್ಯೂಸ್18 ಕನ್ನಡ. ಕಲರ್ಸ್ ಕನ್ನಡದಲ್ಲಿ ಉಳಿದದ್ದು ಕಥೆ, ಹಾಡು, ರಿಯಾಲಿಟಿ ಶೋ. ‘ಅಗ್ನಿಸಾಕ್ಷಿ’ಯಂಥ ಧಾರಾವಾಹಿಗಳು ಹಳೆಯ ಹೆಸರಿನಲ್ಲಿ ಶುರುವಾಗಿ ಹೊಸ ಹೆಸರಿನಲ್ಲಿ ಮುಗಿದವು. ಹೊಸ ಒಡೆತನದಲ್ಲಿ ಎಲ್ಲವೂ ಕೆಟ್ಟಿತೆಂದರೆ ಸುಳ್ಳಾಗುತ್ತದೆ. ಸೀತಾರಾಮ್ ಅವರ ‘ಮಗಳು ಜಾನಕಿ’ 2018ರಲ್ಲಿ ಬಂದದ್ದು ಇದೇ ಬಳಗದ ಕಲರ್ಸ್ ಸೂಪರ್ ಚಾನೆಲ್ಲಿನಲ್ಲಿ. ಎಸ್‌ಪಿಬಿ ತೀರಿಕೊಂಡ ಮರುವರ್ಷ ‘ಎದೆ ತುಂಬಿ ಹಾಡುವೆನು’ ಮತ್ತೆ ಶುರುವಾದದ್ದು ಕಲರ್ಸ್ ಕನ್ನಡದಲ್ಲೇ. ಆದರೂ ‘ಗೃಹಭಂಗ’ದಂಥ ಇನ್ನೊಂದು ಬರಲಿಲ್ಲ, ಅದು ನನಗೆ ನೋವಿನ ಸಂಗತಿ.

2024ರ ನವೆಂಬರ್‌ನಲ್ಲಿ ಇನ್ನೊಂದು ತಿರುವು. ಕಲರ್ಸ್ ನಡೆಸುತ್ತಿದ್ದ ವಯಾಕಾಮ್18 ಮತ್ತು ಸ್ಟಾರ್ ಇಂಡಿಯಾ ಸೇರಿ ಜಿಯೊಸ್ಟಾರ್ ಆಯಿತು. ಅಲ್ಲಿಗೆ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಒಂದೇ ಮನೆಯವು. ‘ಬಿಗ್ ಬಾಸ್’ ಮೊದಲ ವರ್ಷ ಈಟಿವಿಯಲ್ಲಿ ಬಂದು, ಮರುವರ್ಷ ಪ್ರತಿಸ್ಪರ್ಧಿ ಸುವರ್ಣಕ್ಕೆ ಹೋಗಿ, 2015ರಲ್ಲಿ ಕಲರ್ಸ್‌ಗೆ ಮರಳಿದ್ದನ್ನು ನೋಡಿದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಉದಯ ಚೆನ್ನೈನ ಸನ್ ಬಳಗದ್ದು, ಜೀ ಕನ್ನಡ ಮುಂಬೈನ ಜೀ ಸಂಸ್ಥೆಯದು. ಕನ್ನಡದ ನಾಲ್ಕು ದೊಡ್ಡ ಮನರಂಜನಾ ಚಾನೆಲ್‌ಗಳಿಗೆ ಈಗ ಮೂವರು ಒಡೆಯರು, ಮೂವರೂ ಕರ್ನಾಟಕದ ಹೊರಗಿನವರು.

ರಾಮೋಜಿ ರಾವ್ 2024ರ ಜೂನ್‌ನಲ್ಲಿ ತೀರಿಕೊಂಡರು. ವೈಶಾಲಿ ಕಾಸರವಳ್ಳಿ, ರವಿ ಬೆಳಗೆರೆ, ಎಸ್‌ಪಿಬಿ ಅವರಿಗಿಂತ ಮೊದಲೇ ಹೋದರು. ಅವರೆಲ್ಲ ಸೇರಿ ಮಾಡಿದ ಕೆಲಸ ಸಾವಿರಾರು ಕಂತುಗಳಷ್ಟು. ಷೇರು ಕೈಬದಲಾಗಲಿ, ಅದು ವ್ಯಾಪಾರದ ರೀತಿ. ಈಗಿನ ಒಡೆಯರಲ್ಲಿ, ಹಳೆಯ ಟೇಪು ಯಾರ ಬಳಿ ಇದ್ದರೂ ಅವರಲ್ಲಿ, ನಮ್ಮ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲಿ ನನ್ನದೊಂದು ಕೋರಿಕೆ. ಈಟಿವಿ ಕನ್ನಡದ ಧಾರಾವಾಹಿಗಳ ಪೂರ್ತಿ ಪಟ್ಟಿಯೊಂದನ್ನು ಮಾಡಿಸಿ: ಹೆಸರು, ವರ್ಷ, ಕಂತು, ನಿರ್ದೇಶಕರು, ನಟರು, ಸಂಭಾಷಣೆ ಬರೆದವರು. ‘ಗೃಹಭಂಗ’ ಮತ್ತು ‘ಮೂಡಲ ಮನೆ’ಯ ಒಂದೊಂದು ಒಳ್ಳೆಯ ಪ್ರತಿ ಕರ್ನಾಟಕದ ಸಾರ್ವಜನಿಕ ಗ್ರಂಥಾಲಯದಲ್ಲಿರಲಿ, ಯಾರು ಬೇಕಾದರೂ ಹೋಗಿ ಕೂತು ನೋಡುವ ಹಾಗೆ.