ದಿನ ತುಂಬುವ ಮುನ್ನ ಬೇನೆ ಬಂದರೆ

ದಿನ ತುಂಬದ ಗರ್ಭಿಣಿಗೆ ಬೇನೆ ಬಂದಿತು, ಆಸ್ಪತ್ರೆಯಲ್ಲಿ ಗುಳಿಗೆ ಕೊಟ್ಟರು, ನೋವು ನಿಂತಿತು. ಇನ್ನು ಮನೆಗೆ ಕರೆತರಬಹುದಲ್ಲವೇ ಎಂದು ಹಿರಿಯರು ಕೇಳುವುದನ್ನು ನಾವು ಬಲ್ಲೆವು. ಈ ಪ್ರಶ್ನೆಯ ಹಿಂದಿರುವ ತಪ್ಪು ತಿಳಿವಳಿಕೆ ಶಿಶುವಿನ ಜೀವಕ್ಕೇ ಎರವಾಗಬಲ್ಲದು. ಆ ಔಷಧವು ಹೆರಿಗೆಯನ್ನು ತಪ್ಪಿಸಿಬಿಡುವುದಿಲ್ಲ. ಬಹುಮಟ್ಟಿಗೆ ಎರಡು ದಿನ ಮುಂದೂಡುತ್ತದೆ, ಅಷ್ಟೆ.

ಇಂದು ಇದಕ್ಕಾಗಿ ಹೆಚ್ಚಾಗಿ ಕೊಡುವುದು ರಕ್ತದೊತ್ತಡದ ಔಷಧವಾದ ನಿಫೆಡಿಪಿನ್. ಗರ್ಭಕೋಶದ ಸ್ನಾಯು ಸಂಕುಚಿಸಲು ಕ್ಯಾಲ್ಸಿಯಂ ಬೇಕು. ಅದು ಸ್ನಾಯುವಿನ ಜೀವಕೋಶಗಳನ್ನು ಹೊಗದಂತೆ ಈ ಗುಳಿಗೆ ತಡೆಯುತ್ತದೆ. 1960ರ ದಶಕದಲ್ಲಿ ನ್ಯೂಯಾರ್ಕಿನ ಫ್ರಿಟ್ಸ್ ಫುಕ್ಸ್ ಎಂಬ ವೈದ್ಯರು ರಕ್ತನಾಳದ ಮೂಲಕ ಮದ್ಯಸಾರವನ್ನೇ ಹನಿಸಿ ಬೇನೆ ನಿಲ್ಲಿಸಲು ನೋಡಿದ್ದರು! ತಾಯಿಗೆ ಅಮಲೇರಿಸುವ ಆ ಚಿಕಿತ್ಸೆ ಕೆಲಕಾಲ ನಡೆದು ಬಿಟ್ಟುಹೋದುದು ಒಳ್ಳೆಯದೇ ಆಯಿತು.

ಎರಡು ದಿನದಿಂದ ಆಗುವುದೇನು? ಇಲ್ಲಿಯೇ ವಿಷಯದ ಮರ್ಮವಿದೆ. ಅಕಾಲದಲ್ಲಿ ಹುಟ್ಟಿದ ಕೂಸಿನ ಶ್ವಾಸಕೋಶ ಬಲಿತಿರುವುದಿಲ್ಲ. ಗಾಳಿಗೂಡುಗಳು ಕುಸಿಯದಂತೆ ಕಾಯುವ ಸ್ನಿಗ್ಧ ದ್ರವ ಅದರಲ್ಲಿ ಸಾಲದಾಗಿರುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಗ್ರಹಾಂ ಲಿಗಿನ್ಸ್ ಅವರು ಕುರಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದಾಗ, ಗರ್ಭದಲ್ಲಿಯೇ ಸ್ಟಿರಾಯ್ಡ್ ಪಡೆದ ಮರಿಗಳು ಬದುಕಲಾರದಷ್ಟು ಮೊದಲೇ ಹುಟ್ಟಿಯೂ ಉಸಿರಾಡಿದುದನ್ನು ಕಂಡರು. ಮಕ್ಕಳ ವೈದ್ಯ ರಾಸ್ ಹೋವಿ ಅವರೊಡಗೂಡಿ ಗರ್ಭಿಣಿಯರಲ್ಲಿ ಪರೀಕ್ಷಿಸಿ, 1972ರಲ್ಲಿ ಫಲವನ್ನು ಪ್ರಕಟಿಸಿದರು. ಈಗ ನಮ್ಮಲ್ಲಿ 34 ವಾರಕ್ಕೆ ಮುಂಚೆ ಬೇನೆ ಬಂದ ತಾಯಿಗೆ ಡೆಕ್ಸಾಮೆಥಸೋನ್ ಚುಚ್ಚುಮದ್ದನ್ನು 12 ಗಂಟೆಗೊಮ್ಮೆ 6 ಮಿಲಿಗ್ರಾಂನಂತೆ ನಾಲ್ಕು ಬಾರಿ ಕೊಡುತ್ತಾರೆ. ಗುಳಿಗೆ ದೊರಕಿಸುವ ಬಿಡುವು ಈ ಚುಚ್ಚುಮದ್ದಿಗಾಗಿ. ಹಾಗೆಯೇ ಎಳೆಗೂಸಿನ ಆರೈಕೆಯ ಅನುಕೂಲವುಳ್ಳ ದೊಡ್ಡ ಆಸ್ಪತ್ರೆಯನ್ನು ಸೇರಲಿಕ್ಕಾಗಿ.

ಎರಡನೆಯದನ್ನು ಹಗುರಾಗಿ ಎಣಿಸಬಾರದು. ನಮ್ಮ ಬೆಳಗಾವಿಯೂ ಸೇರಿದ್ದ ಆರು ದೇಶಗಳ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಹಳ್ಳಿಯ ಮಟ್ಟದಲ್ಲಿಯೂ ಈ ಚುಚ್ಚುಮದ್ದನ್ನು ವ್ಯಾಪಕವಾಗಿ ಕೊಟ್ಟು ನೋಡಿದಾಗ ಶಿಶುಮರಣ ತಗ್ಗಲಿಲ್ಲ. ಬೆಳಗಾವಿಯ ವೈದ್ಯರೇ ಭಾಗವಹಿಸಿದ್ದ, 2020ರಲ್ಲಿ ಹೊರಬಂದ ಇನ್ನೊಂದು ಅಧ್ಯಯನ ನಡೆದುದು ಐದು ದೇಶಗಳ 29 ಆಸ್ಪತ್ರೆಗಳಲ್ಲಿ. ಅಲ್ಲಿ ಚುಚ್ಚುಮದ್ದು ಪಡೆಯದ ತಾಯಂದಿರ ಶಿಶುಗಳಲ್ಲಿ ನೂರಕ್ಕೆ 23.5ರಷ್ಟು ತೀರಿಕೊಂಡರೆ, ಪಡೆದವರಲ್ಲಿ ಅದು 19.6ಕ್ಕೆ ಇಳಿದಿತ್ತು.

ವೈದ್ಯರು ಬೇರೆ ಊರಿಗೆ ಒಯ್ಯಿರೆಂದಾಗ, ಅಮಾವಾಸ್ಯೆ ಕಳೆಯಲಿ, ಬೀಗರು ಬರಲಿ ಎಂದು ಕೂಡುವುದು ಆ ಎರಡು ದಿನಗಳನ್ನು ಕೈಯಾರೆ ಚೆಲ್ಲಿದಂತೆ. ಗರ್ಭದಲ್ಲಿ ಸೋಂಕಿದ್ದರೆ, ರಕ್ತಸ್ರಾವ ವಿಪರೀತವಾಗಿದ್ದರೆ ವೈದ್ಯರೇ ಬೇನೆಯನ್ನು ತಡೆಯುವುದಿಲ್ಲ. ಆಗ ಹೆರಿಗೆಯಾಗುವುದೇ ಕ್ಷೇಮ. ಬಿಟ್ಟು ಬಿಟ್ಟು ಬರುವ ಹೊಟ್ಟೆನೋವು, ಸೊಂಟದ ಸೆಳೆತ, ನೀರು ಸೋರುವುದು, ರಕ್ತ ಕಾಣುವುದು, ಇವುಗಳಲ್ಲಿ ಒಂದನ್ನು ಸೊಸೆ ಹೇಳಿದರೂ ಅದೇ ಗಳಿಗೆಯಲ್ಲಿ ಹೊರಡಬೇಕು. 108ಕ್ಕೆ ಫೋನು ಮಾಡಿದರೆ ರಾತ್ರಿಯಲ್ಲಿಯೂ ಆಂಬುಲೆನ್ಸ್ ದೊರೆಯುತ್ತದೆ.