ಪಡಸಾಲೆಯ ದೂರದರ್ಶನಕ್ಕೊಂದು ಮರೆ

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು 1981ರಲ್ಲಿ ಆರಂಭವಾದ ಕಾಲದಲ್ಲಿ ಎಷ್ಟೋ ಯಂತ್ರಗಳು ಮರದ ಪೆಟ್ಟಿಗೆಯೊಳಗೇ ಬರುತ್ತಿದ್ದುವು. ಸರಿಯುವ ಕದಗಳು, ಕೆಲವಕ್ಕೆ ಬೀಗವೂ ಉಂಟು. ಈಗಿನ ಹಲಗೆಯಂಥ ಯಂತ್ರವಾದರೋ ಆರಿಸಿದ ಮೇಲೂ ಗೋಡೆಯನ್ನು ಆಕ್ರಮಿಸಿ ಮನೆಮಂದಿಯನ್ನು ದಿಟ್ಟಿಸುತ್ತಿರುವುದು.

ನಮ್ಮ ಪಡಸಾಲೆಯ ಕುರ್ಚಿಗಳೆಲ್ಲ ಅದಕ್ಕೇ ಮುಖಮಾಡಿದ್ದುವು. ಬಂದ ನೆಂಟರೊಡನೆ ಮಾತನಾಡಲು ಕತ್ತು ತಿರುಗಿಸಬೇಕಾಗಿದ್ದಿತು. “ಏನೂಂದ್ರೆ, ಇದಕ್ಕೊಂದು ಕದ ಮಾಡಿಸಿಬಿಡಿ, ಮೊಮ್ಮಕ್ಕಳ ಮುಖ ನೋಡಿ ಎಷ್ಟು ದಿನವಾಯಿತು” ಎಂದರು ನಮ್ಮ ಮನೆಯವರು.

ಬಡಗಿಯು ಮೊದಲು ಇಕ್ಕಟ್ಟಾದ ಗೂಡಿಗೆ ಹಲಗೆಯ ಕದವನ್ನು ಕೂರಿಸಿದನು. ಅದು ಸಲ್ಲದು. ಮಕ್ಕಳು ಆರಿಸದೆಯೇ ಕದವಿಕ್ಕಿದರೆ ಯಂತ್ರದ ಬಿಸಿಯು ಒಳಗೇ ನಿಲ್ಲುವುದು. ಸುತ್ತಲೂ ಮೂರು ನಾಲ್ಕು ಅಂಗುಲ ತೆರಪು ಬೇಕು. ಕೆಳಗಿನ ಅರೆಯಲ್ಲಿಟ್ಟ ಸೆಟ್‌ಟಾಪ್ ಪೆಟ್ಟಿಗೆಗೆ ರಿಮೋಟಿನ ಅತಿರಕ್ತ ಕಿರಣವು ಮರವನ್ನು ಭೇದಿಸಿ ಹೋಗಲಾರದು. ಕಡೆಗೆ ಬಿಡಿಹೆಣಿಗೆಯ ಬೆತ್ತದ ಕದಗಳನ್ನು ಹಾಕಿಸಿದೆವು: ಗಾಳಿಗೂ ದಾರಿ, ಕಿರಣಕ್ಕೂ ದಾರಿ. ಸಂಸ್ಕೃತ ನಾಟಕದ ಯವನಿಕೆಯನ್ನು ನೆನೆದು ನಮಗೆ ಬಟ್ಟೆಯ ತೆರೆಯ ಮೇಲೆಯೇ ಮನಸ್ಸಿದ್ದಿತು. ಎಳೆಯ ಕೈಗಳು ಅದನ್ನು ಎರಡು ದಿನವೂ ಉಳಿಸವು. ನೋಡದಿರುವಾಗ ಚಿತ್ರಪಟದಂತೆ ತೋರುವ ಯಂತ್ರಗಳೂ ಉಂಟು. ಆಗಲೂ ಅವು ವಿದ್ಯುತ್ತನ್ನು ಉಣ್ಣುತ್ತಲೇ ಇರುವುವು.

ಈಗ ದೀಪ ಹಚ್ಚುವ ಹೊತ್ತಿಗೆ ಕದವಿಕ್ಕುವುದು ಕಿರಿಯ ಮೊಮ್ಮಗಳ ಕೆಲಸ. ಇಕ್ಕಿ, ಕತೆ ಹೇಳೆಂದು ಬರುತ್ತಾಳೆ. ಕೆಲವು ದಿನ ಅಳುತ್ತಲೇ ಬರುತ್ತಾಳೆ.