ನಾಲಿಗೆ ತುದಿಯಲ್ಲಿ ನಿಂತ ಉತ್ತರ

ಪ್ರಶ್ನೆ: ಗೆಳೆಯರ ಜೊತೆ ಕ್ವಿಜ್ ಆಡುವಾಗ ಚೆನ್ನಾಗಿ ಗೊತ್ತಿರುವ ಹೆಸರೂ ನಾಲಿಗೆ ತುದಿಗೆ ಬಂದು ನಿಂತುಬಿಡುತ್ತದೆ. ಯಾಕೆ?

ಪದದ ಅರ್ಥವನ್ನೂ ಉಚ್ಚಾರವನ್ನೂ ಮಿದುಳು ಬೇರೆ ಬೇರೆಯಾಗಿ ಹುಡುಕುತ್ತದೆ. ಅರ್ಥ ಮೊದಲು ಸಿಗುತ್ತದೆ. ಅಲ್ಲಿಂದ ಉಚ್ಚಾರಕ್ಕೆ ಹೋಗುವ ಕೊಂಡಿ ಮಾತ್ರ, ಜನ ಓಡಾಡದ ಕಾಲುದಾರಿಯಲ್ಲಿ ಹುಲ್ಲು ಬೆಳೆದ ಹಾಗೆ, ಬಳಕೆಯಿಲ್ಲದೆ ಮಸುಕಾಗಿರುತ್ತದೆ. ವ್ಯಕ್ತಿಗಳ ಹೆಸರಿನಲ್ಲಿ ಈ ತೊಡಕು ಹೆಚ್ಚು. ಗೋಳಗುಮ್ಮಟ ಯಾರ ಸಮಾಧಿ ಎಂದರೆ ‘ಆದಿಲ್ ಶಾ’ ಥಟ್ಟನೆ ಬರುತ್ತದೆ, ‘ಮೊಹಮ್ಮದ್’ ಬಾರದು; ಬದಲಿಗೆ ‘ಇಬ್ರಾಹಿಂ’ ಬಂದು ಅಡ್ಡ ನಿಲ್ಲುತ್ತದೆ.

ಮನೋವಿಜ್ಞಾನಿಗಳಾದ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ 1966ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ: ಪದ ನೆನಪಾಗದವರಿಗೂ ಅದರ ಮೊದಲ ಅಕ್ಷರ ಎಷ್ಟೋ ಸಲ ಗೊತ್ತಿತ್ತು! ಗೆಳೆಯರು ತಡವರಿಸಿದಾಗ ಮೊದಲ ಅಕ್ಷರವನ್ನಷ್ಟೇ ಹೇಳಿ ನೋಡಿ. ಎಷ್ಟೋ ಸಲ ಉಳಿದದ್ದು ತಾನಾಗಿ ಬರುತ್ತದೆ.